ಮೂಲೆ ಸೇರಿದ ಜಾವಾಕ್ಕೆ ಜೀರ್ಣೋದ್ಧಾರ

ಓದುಗರೇ, ನಿಮ್ಮ ಮನೆಯ ಮೆಟ್ಟಿಲ ಕೆಳಗೋ, ಊರ ಮನೆಯ ಕೊಟ್ಟಿಗೆಯಲ್ಲೋ ಗೋಣಿಚೀಲ ಹೊದ್ದು ನಿಂತ ಹಳೆಯ ಮೋಟಾರ್ ಸೈಕಲ್ ಒಂದಿದೆಯೇ? ತಂದೆಯವರೋ ದೊಡ್ಡಪ್ಪನವರೋ ಒಂದು ಕಾಲಕ್ಕೆ ಠೀವಿಯಿಂದ ಓಡಿಸಿದ ಬಂಡಿ. ಗುಜರಿಯವನು ವರ್ಷಕ್ಕೊಮ್ಮೆ ಬಂದು ಕೇಳಿ ಹೋಗುತ್ತಾನೆ. "ಇದನ್ನ ಇಟ್ಕೊಂಡು ಏನ್ ಮಾಡ್ತೀರಿ, ಕೊಟ್ಟುಬಿಡ್ರಿ ಅತ್ಲಾಗ" ಎಂದು ಮನೆಯವರೂ ಹೇಳುತ್ತಾರೆ. ಆದರೆ ಕೊಡಲು ಮನಸ್ಸು ಬರುವುದಿಲ್ಲ. ಹಾಗಾದರೆ ಅದನ್ನು ಮತ್ತೆ ಓಡಿಸಲು ಸಾಧ್ಯವೇ? ಅದೂ ಮನೆಯಲ್ಲೇ, ಬಿಡುವಿನ ವೇಳೆಯಲ್ಲಿ?

ಸಾಧ್ಯ. ಕಿರುತೆರೆಯ ಮೇಲೆ ಇಂಥ ಕೆಲಸವನ್ನು ತೋರಿಸುವಾಗ ಮೆಕ್ಯಾನಿಕ್ಕಿನ ಕೈಚಳಕ ಚೆನ್ನಾಗಿ ಕಾಣುತ್ತದೆ. ಆದರೆ ಯಾವುದರ ನಂತರ ಯಾವುದು, ಎಷ್ಟು, ಏಕೆ ಎಂಬುದು ಅಚ್ಚಿನಲ್ಲಿದ್ದರೇ ಕೈಗೆ ಸಿಗುವುದು. ಅದಕ್ಕಾಗಿ ಈ ಲೇಖನ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಳೆಯ ಬಂಡಿಯ ಜೀರ್ಣೋದ್ಧಾರವೆಂದರೆ ಅದನ್ನು ಹೊಸದು ಮಾಡುವುದಲ್ಲ. ಹಾಳಾಗುವುದನ್ನು ನಿಲ್ಲಿಸಿ, ಇದ್ದದ್ದನ್ನು ಉಳಿಸಿ, ಸುರಕ್ಷಿತವಾಗಿ ಓಡುವಂತೆ ಮಾಡುವುದು. ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಗುಡಿಯ ಗೋಡೆ ಬಿರುಕು ಬಿಟ್ಟರೆ ಬಿರುಕನ್ನು ಮುಚ್ಚುತ್ತೇವೆ. ಬಸವಣ್ಣನನ್ನು ಹೊಸದಾಗಿ ಕೆತ್ತಲು ಹೋಗುವುದಿಲ್ಲ.

ಮೈಸೂರಿನ ಬಂಡಿ

ನಮ್ಮ ರಾಜ್ಯದ ಮಟ್ಟಿಗೆ ಮೂಲೆ ಸೇರಿದ ಹಳೆಯ ಬಂಡಿ ಎಂದರೆ ಹೆಚ್ಚಾಗಿ ಜಾವಾ ಅಥವಾ ಯೆಜ್ಡಿ. ಇದಕ್ಕೆ ಕಾರಣವಿದೆ. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬುವರು ವಾಂಡರರ್ ಎಂಬ ಜರ್ಮನ್ ಕಂಪನಿಯ ವಿನ್ಯಾಸವನ್ನು ಪಡೆದು ಮೋಟಾರ್ ಸೈಕಲ್ ತಯಾರಿಸತೊಡಗಿದರು. ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. 1960ರ ದಶಕದ ಆರಂಭದಲ್ಲಿ ಅದೇ ಬಂಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1970ರ ದಶಕದಲ್ಲಿ ಬಂಡಿಯ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಹೆಚ್ಚು ಮೈಲೇಜು ಕೊಡುವ ಜಪಾನಿ ತಂತ್ರಜ್ಞಾನದ ಬಂಡಿಗಳು, ಬಿಗಿಯಾದ ಹೊಗೆ ನಿಯಮ - ಇವುಗಳ ಎದುರು ನಿಲ್ಲಲಾಗದೆ 1996ರಲ್ಲಿ ಕಾರ್ಖಾನೆ ಮುಚ್ಚಿತು.

ಎಂದರೆ, ನಿಮ್ಮ ಮನೆಯ ಮೂಲೆಯಲ್ಲಿರುವ ಈ ಬಂಡಿಯಂಥದ್ದು ಇನ್ನು ತಯಾರಾಗುವುದಿಲ್ಲ. 2018ರಲ್ಲಿ ಜಾವಾ ಹೆಸರಿನ ಹೊಸ ಬಂಡಿ ಮಾರುಕಟ್ಟೆಗೆ ಬಂದದ್ದು ನಿಜ. ಆದರೆ ಅದು ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್. ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಆದ್ದರಿಂದ ಹಳೆಯ ಬಂಡಿಯಿಂದ ಉಜ್ಜಿ ತೆಗೆದದ್ದು, ಕೊರೆದು ತೆಗೆದದ್ದು, ಗುಜರಿಗೆ ಎಸೆದದ್ದು ಮರಳಿ ಬಾರದು. ಮುಂದೆ ಹೇಳುವ ಎಲ್ಲ ಸೂಚನೆಗಳಿಗೂ ಇದೇ ಬುನಾದಿ.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಬಹಳ ಜನ ಮೊದಲು ಬಣ್ಣದ ಅಂಗಡಿಗೆ ಹೋಗುತ್ತಾರೆ. ನೀವು ಮೊದಲು ಹೋಗಬೇಕಾದದ್ದು ಕಬ್ಬಿಣದ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳ ಬಳಿಗೆ. ಆರ್.ಸಿ. ಪುಸ್ತಕ ಇದೆಯೇ? ಅದರಲ್ಲಿ ಬರೆದಿರುವ ಚೇಸಿ ನಂಬರು, ಎಂಜಿನ್ ನಂಬರುಗಳು ಬಂಡಿಯ ಮೇಲೆ ಒತ್ತಿರುವ ನಂಬರುಗಳಿಗೆ ಹೊಂದುತ್ತವೆಯೇ? ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದರೆ ಅಚ್ಚು ಮೂಡುತ್ತದೆ. ಎರಡೂ ನಂಬರುಗಳ ಅಚ್ಚು ತೆಗೆದು ಜೋಪಾನವಾಗಿಡಿ.

ಇದನ್ನು ಮೊದಲೇ ಮಾಡಲು ಏಕೆ ಹೇಳುತ್ತಿದ್ದೇನೆ ಎಂದರೆ, ಬಣ್ಣ ಕೀಳುವ ಹುಡುಗ ಗ್ರೈಂಡರ್ ಹಿಡಿದು ಒಂದು ನಿಮಿಷ ಉಜ್ಜಿದರೆ ಆ ನಂಬರು ಅಳಿಸಿಹೋಗುತ್ತದೆ. ನಂಬರು ಹೋದರೆ ಕಾನೂನಿನ ಕಣ್ಣಿನಲ್ಲಿ ಬಂಡಿಯ ಗುರುತೇ ಹೋದಂತೆ. ಎಷ್ಟೇ ಚೆನ್ನಾಗಿ ಓಡಿದರೂ ರಸ್ತೆಗೆ ತರುವಂತಿಲ್ಲ.

ಬಂಡಿ ತೀರಿಕೊಂಡ ತಂದೆಯವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಲು ಫಾರಂ 31, ಆರ್.ಸಿ. ಕಳೆದಿದ್ದರೆ ನಕಲಿಗಾಗಿ ಫಾರಂ 26, ಅವಧಿ ಮುಗಿದ ನೋಂದಣಿಯ ನವೀಕರಣಕ್ಕೆ ಫಾರಂ 25. ಖಾಸಗಿ ದ್ವಿಚಕ್ರ ವಾಹನದ ನೋಂದಣಿಗೆ ಮೊದಲು 15 ವರ್ಷದ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಬಳ್ಳಾರಿಯ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆ.ಎ. 34. ಬಂಡಿ ಬೇರೆ ಊರಿನಲ್ಲಿ ನೋಂದಣಿಯಾಗಿದ್ದರೆ ಅಲ್ಲಿಯ ಕಚೇರಿಯ ದಾಖಲೆಯನ್ನೂ ವಿಚಾರಿಸಬೇಕು.

ಇನ್ನೊಂದು ದಾರಿಯೂ ಇದೆ. 2021ರಲ್ಲಿ ಕೇಂದ್ರ ಸರಕಾರ 50 ವರ್ಷ ದಾಟಿದ ವಾಹನಗಳಿಗೆ 'ವಿಂಟೇಜ್' ನೋಂದಣಿಯ ನಿಯಮ ತಂದಿತು. ನಂಬರಿನಲ್ಲಿ ರಾಜ್ಯದ ಸಂಕೇತದ ನಂತರ 'ವಿ.ಎ.' ಎಂಬ ಅಕ್ಷರಗಳು ಬರುತ್ತವೆ. ನಿಯಮ ಹೊರಟಾಗ ಗೊತ್ತುಮಾಡಿದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಹೀಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನದ ಓಡಾಟಕ್ಕಲ್ಲ. ಚೇಸಿ, ಎಂಜಿನ್ ಬದಲಾಯಿಸದೆ ಮೂಲ ರೂಪದಲ್ಲೇ ಇರಬೇಕೆಂಬ ಷರತ್ತೂ ಇದೆ. ನೋಡಿ, ಕಾನೂನು ಕೂಡ ಬೆಲೆ ಕೊಡುವುದು ಹೊಳಪಿಗಲ್ಲ, ಮೂಲಕ್ಕೆ.

ಬಂಡಿ ಎಲ್ಲಿ ನಿಂತಿತ್ತು?

ವೈದ್ಯರು ರೋಗಿಯ ಊರು, ಊಟ, ಉದ್ಯೋಗ ವಿಚಾರಿಸುವಂತೆ ನೀವೂ ಬಂಡಿ ಇಷ್ಟು ವರ್ಷ ನಿಂತ ಜಾಗವನ್ನು ವಿಚಾರಿಸಿ. ಒಂದೇ ಜಿಲ್ಲೆಯೊಳಗೆ ಮೂರು ಬಗೆಯ ರೋಗ ಕಾಣಬಹುದು.

ಬಳ್ಳಾರಿ ನಗರದ ಬಿಸಿಲು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಗಾಳಿಯ ತೇವಾಂಶ ಶೇಕಡಾ 60ಕ್ಕಿಂತ ಕೆಳಗಿದ್ದಾಗ ಕಬ್ಬಿಣ ಬಹಳ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಹೀಗಾಗಿ ನಗರದ ಒಣ ಮನೆಯಲ್ಲಿ ನಿಂತ ಬಂಡಿಯ ಲೋಹ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಆದರೆ ಬಿಸಿಲಿಗೆ ರಬ್ಬರು ಸೀಳುತ್ತದೆ, ವೈರಿನ ಹೊದಿಕೆ ಪುಡಿಯಾಗುತ್ತದೆ. ಜೊತೆಗೆ ಧೂಳು. ಸಾಮಾನ್ಯ ಮಣ್ಣಿನ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣವಾಗಲಿ, ಗಣಿಯ ಕಡೆಯ ಕೆಂಪು ಅದಿರಿನ ಕಣವಾಗಲಿ, ಪಿಸ್ಟನ್ನಿನ ಅಲ್ಯೂಮಿನಿಯಮ್ಮಿಗಿಂತ ಗಡಸು. ಎಂಜಿನ್ನಿನೊಳಗೆ ಹೋದರೆ ಅದು ಉಜ್ಜುಕಾಗದದ ಕೆಲಸ ಮಾಡುತ್ತದೆ.

ಸಿರುಗುಪ್ಪದ ಕಡೆ ನೀರಾವರಿ ಸೀಮೆ. ತುಂಗಭದ್ರೆಯ ಕಾಲುವೆ, ನಿಂತ ನೀರಿನ ಭತ್ತದ ಗದ್ದೆ, ಅಕ್ಕಿ ಗಿರಣಿ. ಬಂಡಿ ನಿಂತದ್ದು ಗೊಬ್ಬರದ ಚೀಲಗಳ ಪಕ್ಕದಲ್ಲಿ ಎಂದುಕೊಳ್ಳಿ. ಯೂರಿಯಾ ಮುಂತಾದ ರಸಗೊಬ್ಬರಗಳು ಗಾಳಿಯ ತೇವವನ್ನು ಹೀರಿ ಒದ್ದೆಯಾಗುತ್ತವೆ. ಆ ಉಪ್ಪುನೀರು ತಗಡಿನ ಸಂದಿಯಲ್ಲಿ ಕುಳಿತರೆ ಮೇಲಿನಿಂದ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಕಬ್ಬಿಣ ಹಪ್ಪಳವಾಗಿರುತ್ತದೆ. ಮಡ್‌ಗಾರ್ಡಿನ ಅಡಿ, ಬ್ಯಾಟರಿ ಪೆಟ್ಟಿಗೆ, ಸೈಲೆನ್ಸರಿನ ತಳ - ಇವನ್ನು ಬೆರಳಿನಿಂದ ಒತ್ತಿ ನೋಡಿ.

ಕುರುಗೋಡಿನ ಕಡೆ ಊರ ಮನೆಯ ಕೊಟ್ಟಿಗೆಯಲ್ಲಿ ದನಗಳ ಜೊತೆ ನಿಂತ ಬಂಡಿಗೆ ಬೇರೆಯೇ ತೊಂದರೆ. ಗಂಜಲದಿಂದ ಅಮೋನಿಯಾ ಏಳುತ್ತದೆ. ಇದು ಹಿತ್ತಾಳೆಯ ಶತ್ರು. ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ತೋಟಾಗಳು ತಾವಾಗಿ ಬಿರುಕು ಬಿಟ್ಟಿರುತ್ತಿದ್ದವು. ಕುದುರೆ ಗಂಜಲದ ಅಮೋನಿಯಾವೇ ಇದಕ್ಕೆ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ನಿಮ್ಮ ಬಂಡಿಯ ಕಾರ್ಬುರೇಟರಿನ ಜೆಟ್ಟುಗಳು, ಪೆಟ್ರೋಲ್ ನಲ್ಲಿಯ ಭಾಗಗಳು ಹಿತ್ತಾಳೆಯವೇ. ಕೊಟ್ಟಿಗೆಯಿಂದ ಬಂದ ಬಂಡಿಯಲ್ಲಿ ಇವನ್ನು ಭೂತಗನ್ನಡಿ ಹಿಡಿದು ಪರೀಕ್ಷಿಸಿ. ಕೂದಲಷ್ಟು ಬಿರುಕಿದ್ದರೂ ಬದಲಾಯಿಸಿ.

ಬಿಚ್ಚುವುದಕ್ಕೂ ಒಂದು ಕ್ರಮ

ಬಿಚ್ಚುವ ಮುನ್ನ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ಒಂದೊಂದು ಭಾಗ ಬಿಚ್ಚುವಾಗಲೂ ಇನ್ನೊಂದು. ವಾಷರ್ ಯಾವ ಬದಿಗಿತ್ತು, ಕೇಬಲ್ ಚೇಸಿಯ ಯಾವ ಪಕ್ಕದಿಂದ ಹಾದಿತ್ತು ಎಂಬುದು ಮೂರು ತಿಂಗಳ ನಂತರ ಯಾರಿಗೂ ನೆನಪಿರುವುದಿಲ್ಲ. ಮನೆಯಲ್ಲಿರುವ ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು 'ಮುಂದಿನ ಚಕ್ರ', 'ಕ್ಲಚ್', 'ಕಾರ್ಬುರೇಟರ್' ಎಂದು ಚೀಟಿ ಅಂಟಿಸಿ. ನಟ್ಟು ಬೋಲ್ಟುಗಳು ಆಯಾ ಡಬ್ಬಿಗೇ ಹೋಗಲಿ. ಹಾಳಾದ ಭಾಗವನ್ನೂ ಎಸೆಯಬೇಡಿ. ಹೊಸದನ್ನು ಹುಡುಕುವಾಗ ಅಂಗಡಿಯಲ್ಲಿ ತೋರಿಸಲು, ಲೇತಿನವನಿಗೆ ಅಳತೆ ಕೊಡಲು ಅದೇ ಬೇಕು.

ಬಿಗಿಯಾದ ನಟ್ಟಿಗೆ ಬಲ ಹಾಕುವ ಮೊದಲು ಸಮಯ ಕೊಡಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ನಟ್ಟು ಬೋಲ್ಟಿನ ನಡುವೆ ಹೀಗೆ ಹಿಗ್ಗಿದ ತುಕ್ಕು ಬೆಣೆ ಹೊಡೆದಂತೆ ಬಿಗಿಯುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ಲಿಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಸಂಜೆ ಹಚ್ಚಿ, ಬೆಳಿಗ್ಗೆ ಪ್ರಯತ್ನಿಸಿ. ಬರದಿದ್ದರೆ ಮತ್ತೆ ಹಚ್ಚಿ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್ ಬಳಸಿ, ಪ್ಲಾಯರ್ ಬೇಡ. ಮೂಲೆ ಸವೆದ ನಟ್ಟಿಗೆ ಆಮೇಲೆ ಉಳಿಯುವುದು ಉಳಿ, ಸುತ್ತಿಗೆ ಮಾತ್ರ.

ಹಿಡಿದುಕೊಂಡ ಎಂಜಿನ್

ಜಾವಾದ ಕಿಕ್ಕರ್ ಮತ್ತು ಗೇರ್ ಒಂದೇ ಪೆಡಲ್ ಎಂಬುದು ಓಡಿಸಿದವರಿಗೆ ಗೊತ್ತು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮತ್ತೆ ಮಲಗಿಸಿದರೆ ಗೇರ್. ಬಹುಕಾಲ ನಿಂತ ಬಂಡಿಯಲ್ಲಿ ಆ ಪೆಡಲ್ ಕಲ್ಲಿನಂತೆ ಅಲುಗಾಡದಿದ್ದರೆ ಎಂಜಿನ್ 'ಹಿಡಿದಿದೆ' ಎನ್ನುತ್ತಾರೆ. ಎರಕದ ಕಬ್ಬಿಣದ ಸಿಲಿಂಡರಿನ ಗೋಡೆಗೆ ಪಿಸ್ಟನ್ ರಿಂಗುಗಳು ತುಕ್ಕಿನಿಂದ, ಹಳೆಯ ಎಣ್ಣೆಯ ಅಂಟಿನಿಂದ ಕಚ್ಚಿಕೊಂಡಿರುತ್ತವೆ. ಈ ಸ್ಥಿತಿಯಲ್ಲಿ ಕಿಕ್ಕರ್ ಮೇಲೆ ನಿಂತು ಕುಣಿಯುವುದಾಗಲಿ, ಗೇರಿಗೆ ಹಾಕಿ ತಳ್ಳುವುದಾಗಲಿ ಕೂಡದು. ರಿಂಗು ಮುರಿದರೆ ಸಿಲಿಂಡರಿಗೆ ಗೀರು ಬೀಳುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ರಂಧ್ರದಿಂದ ಮೇಲೆ ಹೇಳಿದ ಮಿಶ್ರಣವನ್ನೇ ಎರಡು ಮೂರು ಚಮಚ ಹಾಕಿ, ನಾಲ್ಕೈದು ದಿನ ಬಿಡಿ. ಆಮೇಲೆ ಪೆಡಲನ್ನು ಕೈಯಿಂದ ಹಿಂದೆ ಮುಂದೆ ಮೆಲ್ಲಗೆ ಅಲುಗಿಸಿ. ಒಂದು ಅಂಗುಲ ಕದಲಿದರೆ ಅರ್ಧ ಗೆದ್ದಂತೆ. ಕದಲದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ನಿನ ಮೇಲೆ ನೇರವಾಗಿ ಎಣ್ಣೆ ಹಾಕಿ, ಮತ್ತೆ ಕಾಯಿರಿ. ಕೆಲವಕ್ಕೆ ವಾರಗಳೇ ಬೇಕಾಗುತ್ತವೆ.

ಎಂಜಿನ್ ಬಿಚ್ಚಿದ ಮೇಲೆ ಬಹುತೇಕರಿಂದ ಬರುವ ಮೊದಲ ಸಲಹೆ "ಬೋರ್ ಹೊಡಿಸಿಬಿಡ್ರಿ". ತಡೆಯಿರಿ. 250 ಜಾವಾದ ಸಿಲಿಂಡರಿನ ಮೂಲ ವ್ಯಾಸ 65 ಮಿ.ಮೀ. ಬೋರ್ ಹೊಡೆಸಿದಾಗ ಸಾಮಾನ್ಯವಾಗಿ ಕಾಲು ಮಿ.ಮೀ. ಹೆಚ್ಚಿಸಿ 65.25, 65.50 ಎಂದು ದೊಡ್ಡ ಪಿಸ್ಟನ್ ಹಾಕುತ್ತಾರೆ. ಒಂದೊಂದು ಸಲವೂ ಗೋಡೆ ತೆಳುವಾಗುತ್ತದೆ, ಕೊನೆಗೊಮ್ಮೆ ಕೊರೆಯಲು ಏನೂ ಉಳಿಯುವುದಿಲ್ಲ. ಮೊದಲು ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಹಾಕಿ ಮೇಲೆ, ನಡುವೆ, ಕೆಳಗೆ ಅಳತೆ ಮಾಡಿಸಿ. ಸವೆತ ಮಿತಿಯೊಳಗಿದ್ದು ತುಕ್ಕಿನ ಕಲೆ ಮಾತ್ರ ಇದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗು ಹಾಕಿದರೆ ಸಾಕಾಗುತ್ತದೆ. ಆಗ ಮುಂದಿನ ತಲೆಮಾರಿಗೂ ಒಂದು ಬೋರ್ ಉಳಿದಂತಾಯಿತು.

ಬೇರಿಂಗ್ ತೆಗೆಯುವಾಗಲೂ ಸುತ್ತಿಗೆಗಿಂತ ಭೌತಶಾಸ್ತ್ರ ಮೇಲು. ಅದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. 60 ಮಿ.ಮೀ. ಅಗಲದ ಬೇರಿಂಗ್ ಗೂಡನ್ನು 80 ಡಿಗ್ರಿಯಷ್ಟು ಬಿಸಿ ಏರಿಸಿದರೆ ಅದು ಹೆಚ್ಚುಕಡಿಮೆ 0.11 ಮಿ.ಮೀ. ಹಿಗ್ಗುತ್ತದೆ. ಒಳಗಿನ ಉಕ್ಕಿನ ಬೇರಿಂಗ್ ಅದರ ಅರ್ಧದಷ್ಟು ಮಾತ್ರ. ಎಣ್ಣೆ, ಪೆಟ್ರೋಲಿನ ಅಂಶವಿಲ್ಲದಂತೆ ಚೆನ್ನಾಗಿ ತೊಳೆದ ಕೇಸನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು ಮರದ ಹಲಗೆಯ ಮೇಲೆ ಮೆಲ್ಲಗೆ ತಟ್ಟಿದರೆ ಎಷ್ಟೋ ಬೇರಿಂಗ್‌ಗಳು ತಾವಾಗಿ ಬೀಳುತ್ತವೆ. ಗೂಡಿಗೆ ಪೆಟ್ಟಿಲ್ಲ.

ಎರಡು ಸ್ಟ್ರೋಕಿನ ಉಸಿರಾಟ

ಈ ಎಂಜಿನ್ನಿನಲ್ಲಿ ವಾಲ್ವುಗಳಿಲ್ಲ. ಪೆಟ್ರೋಲು, ಎಣ್ಣೆ, ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೇಸಿಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅಲ್ಲಿ ಒತ್ತಡಕ್ಕೆ ಸಿಕ್ಕಿ ಪಕ್ಕದ ಕಿಂಡಿಗಳಿಂದ ಮೇಲೇರುತ್ತದೆ. ಎಂದರೆ ಕ್ರ್ಯಾಂಕ್ ಕೇಸು ತಿದಿಯ ಹಾಗೆ ಕೆಲಸ ಮಾಡುತ್ತದೆ. ತಿದಿಗೆ ತೂತು ಬಿದ್ದರೆ ಕುಲುಮೆ ಉರಿಯದು.

ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರಿನ ಆಯಿಲ್ ಸೀಲುಗಳೇ ಈ ತಿದಿಯ ಬಿಗಿ. ವರ್ಷಗಟ್ಟಲೆ ನಿಂತ ಬಂಡಿಯಲ್ಲಿ ಅವು ಒಣಗಿ ಗಟ್ಟಿಯಾಗಿರುತ್ತವೆ. ಬಿರುಕಿನಿಂದ ಹೊರಗಿನ ಗಾಳಿ ಸೇರಿದರೆ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಕಡಿಮೆಯಾಗುತ್ತದೆ, ಪೆಟ್ರೋಲಿನ ಜೊತೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ ಕಾದು ಹಿಡಿಯುತ್ತದೆ. ನೂರಾರು ರೂಪಾಯಿಯ ಸೀಲು ಬಿಟ್ಟು ಸಾವಿರಾರು ರೂಪಾಯಿಯ ಪಿಸ್ಟನ್ ಮಾತ್ರ ಬದಲಾಯಿಸಿದರೆ ಆಗುವ ಗತಿ ಇದು. ಇಲ್ಲಿ ಜಿಪುಣತನ ಬೇಡ. ಸೀಲು, ಗ್ಯಾಸ್ಕೆಟ್ಟು, ಬೇರಿಂಗು ಹೊಸದಾಗಲಿ. 'ಮೂಲ ಉಳಿಸಿ' ಎಂಬ ಮಾತು ಸವೆದುಹೋಗಲೆಂದೇ ಮಾಡಿದ ಭಾಗಗಳಿಗೆ ಅನ್ವಯಿಸುವುದಿಲ್ಲ.

ಟ್ಯಾಂಕಿನ ವಿಷಯದಲ್ಲಿ ಎಚ್ಚರ

ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಪೆಟ್ರೋಲಿನ ಆವಿ ಇದ್ದರೆ ಸಾಕು, ಕಿಡಿ ಸೋಕಿದೊಡನೆ ಹೊತ್ತಿಕೊಳ್ಳುತ್ತದೆ. ಆವಿ ಗಾಳಿಗಿಂತ ಭಾರವಾದ್ದರಿಂದ ಖಾಲಿ ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಕುಳಿತಿರುತ್ತದೆ. ಆದ್ದರಿಂದ ತೂತು ಬಿದ್ದ ಟ್ಯಾಂಕನ್ನು ಹಾಗೆಯೇ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಸೋಪಿನ ಬಿಸಿನೀರಿನಿಂದ ಹಲವು ಬಾರಿ ತೊಳೆದು, ಈ ಕೆಲಸ ಬಲ್ಲವರಿಗೇ ಕೊಡಿ.

ಒಳಗಿನ ತುಕ್ಕು ತೆಗೆಯಲು ಮನೆಯ ಮದ್ದೇ ಸಾಕು. ಹುಣಸೆಹಣ್ಣಿನಿಂದ ತಾಮ್ರದ ಚೊಂಬು ಬೆಳಗುವುದು ಏಕೆ? ಹುಣಸೆಯ ಆಮ್ಲ ಲೋಹದ ಮೇಲಿನ ಆಕ್ಸೈಡನ್ನು ಕರಗಿಸುತ್ತದೆ. ತುಕ್ಕೂ ಕಬ್ಬಿಣದ ಆಕ್ಸೈಡೇ. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲದ ಪುಡಿಯನ್ನು ನೀರಿಗೆ ಬೆರೆಸಿ ತುಂಬಿ, ಒಂದೆರಡು ದಿನ ಬಿಟ್ಟು ನೋಡುತ್ತಿರಿ. ತುಕ್ಕು ಹೋದೊಡನೆ ಸುರಿದು, ವಾಷಿಂಗ್ ಸೋಡಾ ನೀರಿನಿಂದ ತೊಳೆದು, ತಕ್ಷಣ ಒಣಗಿಸಿ ಒಳಗೆ ಎಣ್ಣೆ ಸವರಿ. ಒದ್ದೆ ಬಿಟ್ಟರೆ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಬಚ್ಚಲು ತೊಳೆಯುವ ತೀಕ್ಷ್ಣ ಆಮ್ಲ ಬೇಡ; ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ.

ಆರು ವೋಲ್ಟಿನ ಲೆಕ್ಕ

ಹಳೆಯ ಜಾವಾದ್ದು ಆರು ವೋಲ್ಟಿನ ವ್ಯವಸ್ಥೆ. "ಲೈಟು ಮಿಣಮಿಣ ಅಂತದ" ಎಂಬ ದೂರು ಎಲ್ಲರದ್ದೂ. ದೋಷ ಹೆಚ್ಚಿನ ಸಲ ದೀಪದ್ದಲ್ಲ, ಡೈನಮೋದ್ದೂ ಅಲ್ಲ, ತುಕ್ಕು ಹಿಡಿದ ಜೋಡಣೆಗಳದ್ದು. 35 ವ್ಯಾಟಿನ ದೀಪಕ್ಕೆ ಆರು ವೋಲ್ಟಿನಲ್ಲಿ ಸುಮಾರು 5.8 ಆಂಪಿಯರ್ ಕರೆಂಟು ಬೇಕು. ದಾರಿಯಲ್ಲೆಲ್ಲೋ ಒಂದು ಜೋಡಣೆಯಲ್ಲಿ 0.2 ಓಮ್ ತಡೆಯಿದ್ದರೆ ಅಲ್ಲೇ ಒಂದು ವೋಲ್ಟಿಗೂ ಹೆಚ್ಚು, ಎಂದರೆ ಹತ್ತಿರ ಹತ್ತಿರ ಐದನೇ ಒಂದು ಪಾಲು ಸೋರಿಹೋಗುತ್ತದೆ. 12 ವೋಲ್ಟಿನಲ್ಲಿ ಅದೇ ತಡೆಗೆ ಇಪ್ಪತ್ತನೇ ಒಂದು ಪಾಲು ಮಾತ್ರ ನಷ್ಟ.

ಆದ್ದರಿಂದ ವ್ಯವಸ್ಥೆಯನ್ನೇ ಬದಲಾಯಿಸುವ ಮೊದಲು ಪ್ರತಿ ಜೋಡಣೆಯನ್ನೂ ಬಿಚ್ಚಿ, ಉಜ್ಜಿ, ಬಿಗಿಯಿರಿ. ವೈರು ಚೇಸಿಗೆ ಸೇರುವ ಅರ್ತ್ ಜಾಗದ ಬಣ್ಣ ಕೆರೆದು ಲೋಹ ಕಾಣುವಂತೆ ಮಾಡಿ. ಜಾವಾದಲ್ಲಿ ಕಿಡಿಗೂ ಬ್ಯಾಟರಿಯೇ ಆಧಾರವಾದ್ದರಿಂದ ಸತ್ತ ಬ್ಯಾಟರಿ ಇಟ್ಟುಕೊಂಡು ಕಿಕ್ ಹೊಡೆದು ಪ್ರಯೋಜನವಿಲ್ಲ. ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ 0.4 ಮಿ.ಮೀ. ಆಸುಪಾಸಿಗೆ ಇಟ್ಟು, ಕಂಡೆನ್ಸರ್ ಹೊಸದು ಹಾಕಿ. ಎಷ್ಟೋ 'ಸತ್ತ' ಬಂಡಿಗಳು ಇಷ್ಟಕ್ಕೇ ಕೆಮ್ಮಿ ಎದ್ದುಬಿಡುತ್ತವೆ.

ಬ್ರೇಕು, ಟೈರು

ಇಲ್ಲಿ ಹಳೆಯದರ ಮೋಹ ಕೂಡದು. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಆ ಧೂಳು ಶ್ವಾಸಕೋಶ ಸೇರಿದರೆ ವರ್ಷಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಡ್ರಮ್ ತೆಗೆದಾಗ ಬಾಯಿಂದ ಊದಬೇಡಿ, ಗಾಳಿ ಹೊಡೆಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಅದನ್ನೂ ನೀರು ಹಾಕಿಯೇ ಉಜ್ಜಬೇಕು. ಮಕ್ಕಳು ಹತ್ತಿರ ಇರಬಾರದು.

ಟೈರಿನ ಗುಂಡಿ ಆಳವಾಗಿದ್ದರೂ ರಬ್ಬರು ಮುಪ್ಪಾಗಿರುತ್ತದೆ. 2000ದ ನಂತರದ ಟೈರುಗಳ ಪಕ್ಕದಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೊಸದಾಗಿ ಕೊಳ್ಳುವಾಗಲೂ ಇದನ್ನು ನೋಡಿಯೇ ಕೊಳ್ಳಿ. ಬ್ರೇಕ್ ಕೇಬಲ್, ಟ್ಯೂಬು ಕೂಡ ಹೊಸದೇ ಆಗಲಿ.

ಇಂದಿನ ಪೆಟ್ರೋಲು, ಅಂದಿನ ಎಂಜಿನ್ನು

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುತ್ತದೆ. ನಿಮ್ಮ ಬಂಡಿ ತಯಾರಾದಾಗ ಹಾಗಿರಲಿಲ್ಲ. ಇದರಿಂದ ಮೂರು ಪರಿಣಾಮಗಳು. ಒಂದು, ಎಥನಾಲ್ ಹಳೆಯ ರಬ್ಬರಿನ ಕೊಳವೆ, ಸೀಲುಗಳನ್ನು ಮೆತ್ತಗೆ ಮಾಡುತ್ತದೆ. ಎಥನಾಲ್ ತಡೆಯುವ ಕೊಳವೆ ಕೇಳಿ ಹಾಕಿಸಿ. ಎರಡು, ಅದು ಗಾಳಿಯ ತೇವವನ್ನು ಹೀರುತ್ತದೆ. ಬಂಡಿಯನ್ನು ತಿಂಗಳಾನುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರು ಎರಡನ್ನೂ ಖಾಲಿ ಮಾಡಿ. ಮೂರು, ಒಂದು ಕೆ.ಜಿ. ಶುದ್ಧ ಪೆಟ್ರೋಲು ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅದೇ ಜೆಟ್ಟು ಬಳಸಿದರೆ ಗಾಳಿ ಹೆಚ್ಚಾದಂತಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಸ್ವಲ್ಪ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣವಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿಸಿ. ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚಾಗಿದೆ.

ಎಣ್ಣೆಯನ್ನು ಅಂದಾಜಿನಲ್ಲಿ ಸುರಿಯಬೇಡಿ. 25ಕ್ಕೆ 1ರ ಪ್ರಮಾಣವೆಂದರೆ ಲೀಟರಿಗೆ 40 ಮಿ.ಲೀ., ಐದು ಲೀಟರಿಗೆ 200 ಮಿ.ಲೀ. ಹೊಸ ಪಿಸ್ಟನ್, ರಿಂಗು ಹಾಕಿದ ಮೊದಲ ದಿನಗಳಲ್ಲಿ 20ಕ್ಕೆ 1, ಎಂದರೆ ಲೀಟರಿಗೆ 50 ಮಿ.ಲೀ.

ಬಣ್ಣ ಕೊನೆಗೆ

ಎಂಜಿನ್ ಓಡಿ, ಬ್ರೇಕು ಹಿಡಿದು, ಸೋರಿಕೆಗಳೆಲ್ಲ ನಿಂತ ಮೇಲೆ ಬಣ್ಣದ ಮಾತು. ಮೊದಲೇ ಬಣ್ಣ ಹೊಡೆಸಿದರೆ ದುರಸ್ತಿಯ ವೇಳೆ ಗೀರು, ಪೆಟ್ರೋಲಿನ ಕಲೆ ಖಂಡಿತ. ಇನ್ನೊಂದು ವಿಚಾರವನ್ನೂ ತೂಗಿ ನೋಡಿ. ಬಣ್ಣ ಹೊಡೆಸಲೇಬೇಕೇ? ಟ್ಯಾಂಕಿನ ಮೇಲೆ ಮೊಳಕಾಲು ತಾಗಿ ಸವೆದ ಜಾಗ, ಕೈಯಿಂದ ಎಳೆದ ಚಿನ್ನದ ಬಣ್ಣದ ಗೆರೆ, ಹಿಂದಿನ ಮಡ್‌ಗಾರ್ಡಿನ ಮೇಲೆ ಅಂದಿನ ಪೇಂಟರ್ ಬರೆದ ನಂಬರು - ಇವು ಯಾವ ಬೆಲೆಗೂ ಮತ್ತೆ ಸಿಗುವುದಿಲ್ಲ. ಕಡುಗೆಂಪು ಬಣ್ಣ ಮುಕ್ಕಾಲು ಪಾಲು ಉಳಿದಿದ್ದರೆ ಸೋಪುನೀರಿನಿಂದ ತೊಳೆದು, ತುಕ್ಕಿನ ಚುಕ್ಕೆಗಳನ್ನು ಮಾತ್ರ ತೆಗೆದು, ಮೇಣದ ಪಾಲಿಷ್ ಹಚ್ಚಿ ಹಾಗೇ ಬಿಡುವುದು ಒಳ್ಳೆಯದು. ತಗಡೇ ಕೊರೆದುಹೋಗುತ್ತಿದ್ದರೆ ಮಾತ್ರ ಪೂರ್ತಿ ಬಣ್ಣ. ಆಗಲೂ ಒಳಗಡೆ, ಸೀಟಿನ ಅಡಿಯಲ್ಲಿ ಅಂಗೈಯಗಲ ಹಳೆಯ ಬಣ್ಣ ಉಳಿಸಿ. ಅದೇ ಬಣ್ಣ ಕಲೆಸುವವನಿಗೆ ಮಾದರಿ.

ಮೊದಲ ಓಟ

ಮೊದಲ ಓಟ ಬೆಳಗಿನ ತಂಪಿನಲ್ಲಿರಲಿ, ಮನೆಯ ಸುತ್ತ ಒಂದೆರಡು ಕಿಲೋಮೀಟರ್ ಸಾಕು. ನಿಂತು, ತಣಿಸಿ, ನಟ್ಟುಗಳನ್ನು ಮತ್ತೆ ಬಿಗಿಯಿರಿ. ಆಮೇಲೆ ಸಿರುಗುಪ್ಪದ ಕಡೆಯ ಸಮತಟ್ಟು ರಸ್ತೆಯಂಥ ಕಡೆ ಅರ್ಧ ಥ್ರಾಟಲ್ಲಿನಲ್ಲಿ ಓಡಿಸಿ. ಗುಡ್ಡಗಾಡಿನ ಇಳಿಜಾರು ಕೊನೆಗಿರಲಿ. ಇದಕ್ಕೂ ಕಾರಣವಿದೆ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ನನ್ನೇ ಬ್ರೇಕಿನಂತೆ ಬಳಸಿದರೆ ಪೆಟ್ರೋಲು ನಿಲ್ಲುತ್ತದೆ, ಅದರ ಜೊತೆ ಎಣ್ಣೆಯೂ ನಿಲ್ಲುತ್ತದೆ. ಪಿಸ್ಟನ್ ಮಾತ್ರ ವೇಗವಾಗಿ ಓಡುತ್ತಿರುತ್ತದೆ. ಎರಡು ಸ್ಟ್ರೋಕಿನ ಬಂಡಿಗೆ ಇದು ಅಪಾಯ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡುತ್ತಿರಿ.

ಈ ಕೆಲಸದಲ್ಲಿ ನೀವು ಒಂಟಿಯಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಜಾವಾ-ಯೆಜ್ಡಿ ಅಭಿಮಾನಿಗಳ ಕೂಟಗಳಿವೆ. ಜುಲೈ ತಿಂಗಳ ಎರಡನೇ ಭಾನುವಾರ ಅವರು ಜಾವಾ ದಿನ ಆಚರಿಸುತ್ತಾರೆ. ಭಾಗಗಳು ಎಲ್ಲಿ ಸಿಗುತ್ತವೆಂಬ ಮಾಹಿತಿ ಅವರಲ್ಲಿ ಕೇಳಿದರೆ ಸಿಗುತ್ತದೆ. ಅದಕ್ಕೂ ಮೊದಲು ನಿಮ್ಮ ಊರಿನಲ್ಲೇ ವಿಚಾರಿಸಿ. ಈ ಬಂಡಿಗಳನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದ ಹಿರಿಯ ಮೆಕ್ಯಾನಿಕ್ಕುಗಳು ಇನ್ನೂ ಇದ್ದಾರೆ. ಅವರ ಅಂಗಡಿಗಳು ಮುಚ್ಚಿರಬಹುದು, ಕೈಯ ನೆನಪು ಹೋಗಿರುವುದಿಲ್ಲ. ಒಂದು ಭಾನುವಾರ ಮನೆಗೆ ಕರೆಯಿರಿ, ಚಹಾ ಕೊಡಿ, ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂರಿರಿ. ಕಳೆದ ಭಾಗವನ್ನು ಲೇತಿನಲ್ಲಿ ಮತ್ತೆ ಮಾಡಿಸಬಹುದು. ಅವರು ಹೇಳಿಕೊಡದೆ ಹೋದದ್ದನ್ನು ಯಾವ ಲೇತಿನಲ್ಲೂ ಮಾಡಿಸಲಾಗದು. ಬಂಡಿಗೆ ಎಣ್ಣೆ ಹಾಕಿ ಕಾಯಬಹುದು. ಆ ಹಿರಿಯರನ್ನು ಈ ವಾರವೇ ಹೋಗಿ ಕಾಣಿರಿ.